ಹಾಜರಿ ಪುಸ್ತಕದ ಇಂಟರ್ನೆಟ್ಟು



ಕಳೆದ ವಾರ ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. 1994ರಲ್ಲಿ ನನ್ನ ಬಳಿ ಏಳನೆಯ ತರಗತಿ ಮುಗಿಸಿದವನು, ಈಗ ದೊಡ್ಡದೊಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಮೆಹಕರದ ಮಳೆ, ಈ ವರ್ಷದ ಸೋಯಾ, ತೊಗರಿ, ಯಾರ ಮನೆಯಲ್ಲಿ ಯಾರ ಮದುವೆ ಎಂಬುದನ್ನೆಲ್ಲ ವಿಚಾರಿಸಿದ ಮೇಲೆ ನಾನು ಎಂದಿನಂತೆ ನಮ್ಮ ಮನೆಯ ಇಂಟರ್ನೆಟ್ಟಿನ ದುಃಖವನ್ನು ತೋಡಿಕೊಂಡೆ. ಅವನಿಗೆ ಅದಕ್ಕೊಂದು ಪರಿಹಾರ ಹೊಳೆದಿತ್ತು. "ಸರ್, ಸರಕಾರನೇ ಮನಿ ಮನಿಗೆ ಒಂದು ಡಬ್ಬಿ ಕೂಡಿಸಿ ಸ್ಪೀಡ್ ಅಳೀಬೇಕ್ರಿ. ಆಮ್ಯಾಲ ಕಂಪನಿಯವರಿಗಿ ಸುಳ್ಳು ಹೇಳ್ಲಾಕ ಬರಲ್ಲ" ಎಂದ. ನಾನು ಅಷ್ಟು ಉತ್ಸಾಹ ತೋರಲಿಲ್ಲ. "ನೀವ್ಯಾಕ್ರಿ ಸರ್ ಎಲ್ಲಾದಕ್ಕೂ ಸಂಶಯ ಪಡ್ತೀರಿ?" ಎಂದು ನಕ್ಕ.

ನನ್ನ ಸಂಶಯಕ್ಕೆ ಕಾರಣವಿದೆ. ಅದನ್ನು ಫೋನಿನಲ್ಲಿ ಹೇಳಿ ಮುಗಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

2023ರ ಮಳೆಗಾಲದ ಮಾತು. ರಸ್ತೆಯ ಕೆಲಸಕ್ಕೆಂದು ಬಂದ ಜೆಸಿಬಿಯೊಂದು ಚರಂಡಿ ಅಗೆಯುವಾಗ ನಮ್ಮ ಓಣಿಗೆ ಬರುವ ಫೈಬರ್ ತಂತಿಯನ್ನೂ ಅಗೆದುಹಾಕಿತು. ಮನೆಯ ಡಬ್ಬಿಯಲ್ಲಿ ಹಸಿರು ದೀಪ ಹೋಗಿ ಕೆಂಪು ದೀಪ ಹತ್ತಿತು. ನಾನು ಕಂಪನಿಯ ಸಂಖ್ಯೆಗೆ ಫೋನು ಮಾಡಿ ದೂರು ದಾಖಲಿಸಿದೆ. ಹನ್ನೆರಡು ಅಂಕಿಯ ದೂರಿನ ಸಂಖ್ಯೆಯೊಂದು ಮೊಬೈಲಿಗೆ ಬಂತು. ಮರುದಿನ ಸಂಜೆ ಇನ್ನೊಂದು ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಯನ್ನು ಬಳಸುತ್ತಿರುವುದಕ್ಕೆ ಧನ್ಯವಾದ. ಎದ್ದು ಹೋಗಿ ನೋಡಿದೆ. ಕೆಂಪು ದೀಪ ಹಾಗೆಯೇ ಉರಿಯುತ್ತಿತ್ತು. ತಂತಿ ಜೋಡಿಸುವ ಹುಡುಗ ಬಂದಿರಲಿಲ್ಲ, ಬರುವ ಸುಳಿವೂ ಇರಲಿಲ್ಲ. ಒಂದು ದಿನ ಕಾದು ಮತ್ತೆ ದೂರು ಕೊಟ್ಟೆ. ಅದೂ ಮರುದಿನ ಪರಿಹಾರವಾಯಿತು, ಅಂದರೆ ಸಂದೇಶ ಬಂತು. ಹೀಗೆ ಹನ್ನೊಂದು ದಿನಗಳಲ್ಲಿ ನಾಲ್ಕು ದೂರು ಕೊಟ್ಟೆ, ನಾಲ್ಕು ಸಲ ಧನ್ಯವಾದ ಪಡೆದೆ. ಹನ್ನೆರಡನೆಯ ದಿನ ಹುಡುಗ ಬಂದ, ಅರ್ಧ ಗಂಟೆಯಲ್ಲಿ ತಂತಿ ಜೋಡಿಸಿ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹತ್ತೂರಿಗೆ ಅವನೊಬ್ಬನೇ.

ಆ ಹನ್ನೊಂದು ದಿನಗಳು ನನಗೆ ದೊಡ್ಡ ನಷ್ಟವನ್ನೇನೂ ಮಾಡಲಿಲ್ಲ. ಪುಣೆಯಲ್ಲಿರುವ ಮೊಮ್ಮಗನ ಮುಖ ನೋಡಲಾಗಲಿಲ್ಲ, ಅಷ್ಟೆ. ಆದರೆ ನಮ್ಮ ಓಣಿಯಲ್ಲಿ ಹುಡುಗಿಯೊಬ್ಬಳಿದ್ದಳು. ಅವಳ ತಂದೆಯೂ ನನ್ನ ವಿದ್ಯಾರ್ಥಿಯೇ. ಸಿಇಟಿ ಬರೆದಿದ್ದಳು, ಒಳ್ಳೆಯ ರ್‍ಯಾಂಕೇ ಬಂದಿತ್ತು. ಅವು ಕಾಲೇಜುಗಳ ಆಯ್ಕೆಯನ್ನು ಆನ್‌ಲೈನಿನಲ್ಲಿ ನಮೂದಿಸಬೇಕಾದ ದಿನಗಳು. ಯಾವ ಕಾಲೇಜು ಮೊದಲು, ಯಾವುದು ಅನಂತರ ಎಂದು ಮನೆಯಲ್ಲಿ ಕುಳಿತು, ಯೋಚಿಸಿ, ತಿದ್ದಿ ತೀಡಿ ಮಾಡಬೇಕಾದ ಕೆಲಸವದು. ಮೊಬೈಲಿನಲ್ಲಿ ಮಾಡೋಣವೆಂದರೆ ನಮ್ಮ ಓಣಿಯಲ್ಲಿ ಒಮ್ಮೆ ಕರ್ನಾಟಕದ ಟವರು, ಇನ್ನೊಮ್ಮೆ ಗಡಿಯಾಚೆಯ ಟವರು ಸಿಕ್ಕು, ಪುಟ ಅರ್ಧ ತೆರೆದು ನಿಲ್ಲುತ್ತಿತ್ತು. ಕೊನೆಗೆ ತಂದೆ ಅವಳನ್ನು ಮಳೆಯಲ್ಲಿಯೇ ಮೋಟರ್ ಸೈಕಲ್ಲಿನ ಮೇಲೆ ಭಾಲ್ಕಿಗೆ ಕರೆದೊಯ್ದ. ಕಂಪ್ಯೂಟರ್ ಅಂಗಡಿಯಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ, ಅಂಗಡಿಯವನು ಅವಸರ ಮಾಡುತ್ತಿರುವಾಗ, ಎರಡು ಕಾಲೇಜುಗಳ ಕ್ರಮ ಅದಲುಬದಲಾಯಿತು. ತಿದ್ದಲು ಮತ್ತೆ ಭಾಲ್ಕಿಗೆ ಹೋಗುವಷ್ಟರಲ್ಲಿ ಗಡುವು ಮುಗಿದಿತ್ತು. ಅವಳು ಈಗಲೂ ಓದುತ್ತಿದ್ದಾಳೆ, ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೆ ಅವಳು ಬಯಸಿದ ಕಾಲೇಜಿನಲ್ಲಿ ಅಲ್ಲ.

ಇಷ್ಟೆಲ್ಲ ಆದ ಮೇಲೆ ನನಗೊಂದು ಕುತೂಹಲ ಹುಟ್ಟಿತು. ಸರಕಾರ ಇದನ್ನೆಲ್ಲ ನೋಡುವುದೇ ಇಲ್ಲವೇ? ನೋಡುತ್ತದೆ. 1997ರಲ್ಲಿ ಸ್ಥಾಪನೆಯಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟಕ್ಕೆಂದೇ 2006ರಲ್ಲಿ ನಿಯಮಾವಳಿಯನ್ನು ರಚಿಸಿತು. ನಮ್ಮ ತಂತಿ ಕಡಿದ ಕಾಲದಲ್ಲಿ ಅದೇ ಜಾರಿಯಲ್ಲಿತ್ತು. ನಿವೃತ್ತನಿಗೆ ಓದಲು ಬಿಡುವಿರುತ್ತದೆ; ಕೂತು ಓದಿದೆ. ನಿಯಮಗಳು ಕೆಟ್ಟವೆಂದು ಹೇಳಲಾರೆ. ನೂರು ದೂರುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚಿನವನ್ನು ಮುಂದಿನ ಕೆಲಸದ ದಿನದೊಳಗೆ ಸರಿಪಡಿಸಬೇಕು. ಮೂರು ಕೆಲಸದ ದಿನಗಳೊಳಗೆ ತೊಂಬತ್ತೊಂಬತ್ತು ಮುಗಿಯಬೇಕು. ಮೂರು ದಿನ ಮೀರಿದರೆ ಏಳು ದಿನದ ಬಾಡಿಗೆ ಬಿಡಬೇಕು, ಏಳು ದಿನ ಮೀರಿದರೆ ಹದಿನೈದು ದಿನದ್ದು, ಹದಿನೈದು ಮೀರಿದರೆ ಇಡೀ ತಿಂಗಳದ್ದು. ಕಂಪನಿಗಳು ಮೂರು ತಿಂಗಳಿಗೊಮ್ಮೆ ಈ ಲೆಕ್ಕವನ್ನು ಪ್ರಾಧಿಕಾರಕ್ಕೆ ಒಪ್ಪಿಸಬೇಕು.

ಈಗ ನಮ್ಮ ಮನೆಯ ಹನ್ನೊಂದು ದಿನಗಳನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿ. ಬಂದ ದೂರುಗಳು ನಾಲ್ಕು. ಮುಂದಿನ ಕೆಲಸದ ದಿನದೊಳಗೆ ಪರಿಹಾರವಾದವು ನಾಲ್ಕು. ಅಂದರೆ ನೂರಕ್ಕೆ ನೂರು. ಮೂರು ದಿನ ಮೀರಿ ಬಾಕಿ ಉಳಿದ ದೂರು ಒಂದೂ ಇಲ್ಲ; ಆದುದರಿಂದ ಬಾಡಿಗೆ ಬಿಡುವ ಪ್ರಶ್ನೆಯೇ ಏಳುವುದಿಲ್ಲ. ನಾನು ಒಂದೇ ದೂರು ಕೊಟ್ಟು ಸುಮ್ಮನೆ ಕುಳಿತಿದ್ದರೆ ಒಂದು ಬರುತ್ತಿತ್ತು. ನಾಲ್ಕು ಸಲ ಗೋಳಾಡಿದ್ದರಿಂದ ಕಂಪನಿಯ ಅಂಕ ನಾಲ್ಕು ಪಾಲು ಹೆಚ್ಚಿತು! ಗಣಿತವನ್ನು ಮೂವತ್ತೇಳು ವರ್ಷ ಕಲಿಸಿದ ನನಗೆ ಈ ಲೆಕ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಉತ್ತರ ಸರಿಯಾಗಿಯೇ ಇತ್ತು. ತಂತಿ ಮಾತ್ರ ಕಡಿದಿತ್ತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಈವರೆಗೆ ಇದನ್ನು ಎಲ್ಲಿಯೂ ಬರೆದಿಲ್ಲ. ಮನೆಯವರಿಗೂ ಪೂರ್ತಿ ಹೇಳಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಒಂದು ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಯಾವ ಊರು ಎಂಬುದು ಬೇಡ. ಆಗ ಮೇಲಿನಿಂದ ಒಂದೇ ಒತ್ತಡ: ಶಾಲೆ ಬಿಟ್ಟ ಮಕ್ಕಳ ಸಂಖ್ಯೆ ಸೊನ್ನೆಯಾಗಬೇಕು. ಪ್ರತಿ ತಿಂಗಳು ನಮೂನೆ ತುಂಬಿ ಕಳಿಸಬೇಕು. ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಚುರುಕಾದವನು, ಮಗ್ಗಿಯನ್ನು ಹಿಂದುಮುಂದಾಗಿ ಹೇಳುತ್ತಿದ್ದ. ದೀಪಾವಳಿ ಮುಗಿದ ಮೇಲೆ ಅವನ ತಂದೆತಾಯಿ ಪುಣೆಯ ಕಡೆ ಕೂಲಿಗೆ ಹೊರಟರು, ಅವನನ್ನೂ ಕರೆದುಕೊಂಡು ಹೋದರು. ಇಂದು ಬಂದಾನು ನಾಳೆ ಬಂದಾನು ಎಂದು ನಾನು ಅವನ ಹಾಜರಿಯನ್ನು ತುಂಬುತ್ತ ಹೋದೆ. ಹೆಸರು ತೆಗೆದರೆ ಸೊನ್ನೆ ಹೋಗಿ ಒಂದಾಗುತ್ತಿತ್ತು. ಒಂದಾದರೆ ಕಾರಣ ಬರೆಯಬೇಕು, ಮೀಟಿಂಗಿನಲ್ಲಿ ಎದ್ದು ನಿಲ್ಲಬೇಕು. ತಪಾಸಣೆಗೆ ಬಂದ ಸಾಹೇಬರು ಪುಸ್ತಕ ನೋಡಿದರು, ಸಹಿ ಮಾಡಿದರು, ಚಹಾ ಕುಡಿದು ಹೋದರು. ಆ ವರ್ಷ ನಮ್ಮ ಶಾಲೆಯ ವರದಿ ಬಹಳ ಚೆನ್ನಾಗಿತ್ತು.

ಹುಡುಗ ಮರಳಿ ಬಂದದ್ದು ಎರಡು ವರ್ಷದ ಮೇಲೆ. ಆಗ ಅವನಿಗೆ ಶಾಲೆ ಬೇಡವಾಗಿತ್ತು. ನಾನು ಗೈರುಹಾಜರಿ ಬರೆದಿದ್ದರೆ ಯಾರಾದರೂ ಹುಡುಕಿಕೊಂಡು ಹೋಗುತ್ತಿದ್ದರೆಂದು ಖಚಿತವಾಗಿ ಹೇಳಲಾರೆ. ಆದರೆ ಹಾಜರಿ ಬರೆದದ್ದರಿಂದ ಯಾರೂ ಹುಡುಕಬೇಕಾದ ಅಗತ್ಯವೇ ಉಳಿಯಲಿಲ್ಲ. ಪುಸ್ತಕದ ಪ್ರಕಾರ ಅವನು ತರಗತಿಯಲ್ಲಿ ಕುಳಿತಿದ್ದ.

"ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂಬ ಸಂದೇಶವನ್ನು ಓದಿದಾಗ ನನಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾದದ್ದು ಇದಕ್ಕೆ. ಆ ಸಂದೇಶ ಕಳಿಸಿದ ನೌಕರನ ಕೈಯನ್ನು ನಾನು ಬಲ್ಲೆ. ಅವನ ಮೇಲೂ ಒಂದು ಸೊನ್ನೆಯ ಒತ್ತಡವಿರುತ್ತದೆ.

ಹಿಂದೆ ಎಲ್ಲ ಚೆನ್ನಾಗಿತ್ತೆಂದು ಹೇಳುವ ಮುದುಕರ ಸಾಲಿಗೆ ನಾನು ಸೇರುವುದಿಲ್ಲ. ದೇಶೀಯವಾಗಿ ತಯಾರಾದ ಮೊದಲ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜು ಆರಂಭವಾದದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿಯೇ, 1986ರ ಜುಲೈಯಲ್ಲಿ. ಅದಕ್ಕೂ ಮೊದಲು ಟ್ರಂಕ್ ಕಾಲ್ ಬುಕ್ ಮಾಡಿ ಸಂಜೆಯವರೆಗೆ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕುಳಿತ ನೆನಪು ನನಗಿದೆ. ಆದರೂ ಒಂದು ಮಾತು. ಆಗ ಲೈನ್‌ಮನ್ ಯಾರೆಂಬುದು ಊರಿಗೆ ಗೊತ್ತಿರುತ್ತಿತ್ತು. ಫೋನು ಕೆಟ್ಟರೆ ಸಂತೆಯ ದಿನ ಅವನನ್ನು ಹಿಡಿದು ಕೇಳಬಹುದಾಗಿತ್ತು. "ಸರಿ ಮಾಡೀನ್ರಿ" ಎಂದು ಸುಳ್ಳು ಹೇಳಿದರೆ ಸಂಜೆಯೊಳಗೆ ಅದು ಸುಳ್ಳೆಂದು ಇಡೀ ಸಂತೆಗೆ ತಿಳಿಯುತ್ತಿತ್ತು.

ಇರಲಿ, ವೇಗದ ಅಳತೆಗೆ ಬರೋಣ. ನನ್ನ ವಿದ್ಯಾರ್ಥಿ ಹೇಳಿದ್ದು ಅದನ್ನೇ.

ಬ್ರಾಡ್‌ಬ್ಯಾಂಡ್ ಎಂದರೆ ಎಷ್ಟು ವೇಗ ಎಂಬುದನ್ನು ಸರಕಾರವೇ ನಿಗದಿ ಮಾಡುತ್ತದೆ. 2004ರ ನೀತಿಯಲ್ಲಿ ಅದು ಸೆಕೆಂಡಿಗೆ 256 ಕಿಲೋಬಿಟ್ ಇತ್ತು. 2013ರಲ್ಲಿ 512 ಆಯಿತು. 2 ಮೆಗಾಬಿಟ್ ಆದದ್ದು 2023ರಲ್ಲಿ. ಪ್ರಪಂಚವೆಲ್ಲ ವೀಡಿಯೊ ನೋಡುವ ಕಾಲಕ್ಕೆ ಬಂದು ಎಷ್ಟೋ ವರ್ಷವಾದ ಮೇಲೂ ನಮ್ಮ ದೇಶದಲ್ಲಿ ಅರ್ಧ ಮೆಗಾಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದೇ ಲೆಕ್ಕವಾಗುತ್ತಿತ್ತು. ಹತ್ತನೆಯ ತರಗತಿಯಲ್ಲಿ 35 ಅಂಕಕ್ಕೆ ಪಾಸು ಮಾಡುತ್ತಿದ್ದುದನ್ನು ನೀವೆಲ್ಲ ಬಲ್ಲಿರಿ, ಕೆಲವರು ಅನುಭವದಿಂದಲೂ ಬಲ್ಲಿರಿ. ಇದು ಅದಕ್ಕಿಂತಲೂ ಉದಾರವಾದ ಪರೀಕ್ಷೆ.

ಮೊಬೈಲಿನ ವೇಗ ಅಳೆಯಲೆಂದು ಟ್ರಾಯ್ 2016ರಲ್ಲಿ ಮೈಸ್ಪೀಡ್ ಎಂಬ ಆ್ಯಪನ್ನೂ ತಂದಿತು. ಬಳಕೆದಾರನು ಒತ್ತಿದರೆ ವೇಗ ಅಳೆದು ಪ್ರಾಧಿಕಾರಕ್ಕೆ ಕಳಿಸಬಹುದು. ಒಳ್ಳೆಯ ಉದ್ದೇಶವೇ. ಆದರೆ 2020ರಲ್ಲಿ ಶಾಲೆಗಳು ಮುಚ್ಚಿ, ಮಕ್ಕಳು ನೆಟ್‌ವರ್ಕಿಗಾಗಿ ನೀರಿನ ಟಾಕಿ ಹತ್ತಿ ಕುಳಿತದ್ದನ್ನು ಕಣ್ಣಾರೆ ಕಂಡವನು ನಾನು. ಆ ವರ್ಷ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆಗಸ್ಟಿನಲ್ಲಿ ವಿದ್ಯಾಗಮ ಆರಂಭವಾಗಿ ಶಿಕ್ಷಕರೇ ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಟಾಕಿಯ ಮೇಲೆ ಹತ್ತಿದ ಹುಡುಗ ಆ್ಯಪನ್ನು ಒತ್ತಿದ್ದರೆ ಟಾಕಿಯ ಮೇಲಿನ ವೇಗ ದಾಖಲಾಗುತ್ತಿತ್ತು. ಕೆಳಗೆ ಅವನ ಮನೆಯಲ್ಲಿ ಸಂಪರ್ಕವೇ ಇರಲಿಲ್ಲ. ಇಲ್ಲದ ಸಂಪರ್ಕದ ಮೂಲಕ ಅಳತೆ ಹೋಗುವುದು ಹೇಗೆ? ಹಾಜರಿದ್ದ ಮಕ್ಕಳ ಅಂಕಗಳನ್ನಷ್ಟೇ ಕೂಡಿ ಭಾಗಿಸಿ ತರಗತಿಯ ಸರಾಸರಿ ತೆಗೆದ ಹಾಗಾಯಿತು. ಪರೀಕ್ಷೆಗೇ ಬಾರದವನು ಸರಾಸರಿಯನ್ನು ಕೆಡಿಸುವುದಿಲ್ಲ.

ಇನ್ನೊಂದು, ಸರಾಸರಿಯನ್ನು ಎಷ್ಟು ದೊಡ್ಡ ಪ್ರದೇಶಕ್ಕೆ ತೆಗೆಯುತ್ತಾರೆ ಎಂಬುದು. ಸೇವಾ ಗುಣಮಟ್ಟದ ವರದಿಗಳಲ್ಲಿ ಕರ್ನಾಟಕ ಎಂಬುದು ಒಂದು ವಲಯ. ಬೆಂಗಳೂರೂ ಅದರಲ್ಲೇ, ಔರಾದೂ ಅದರಲ್ಲೇ, ಮೆಹಕರವೂ ಅದರಲ್ಲೇ. ನಮ್ಮ ಹನ್ನೊಂದು ದಿನ ಅಷ್ಟು ದೊಡ್ಡ ಸಾಗರದಲ್ಲಿ ಎಲ್ಲಿ ಕಾಣಬೇಕು? ಇದು ಆಗದ ಕೆಲಸವೆಂದು ಯಾರಾದರೂ ಹೇಳಿದರೆ ನಾನು ಮಳೆಮಾಪಕವನ್ನು ತೋರಿಸುತ್ತೇನೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿಯೇ ಮಾಹಿತಿ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿದ್ದಾರೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತದೆ. ಬೀದರ ಜಿಲ್ಲೆಯ ಸರಾಸರಿ ಮಳೆಯನ್ನು ಹೇಳಿ ನಮ್ಮೂರ ರೈತನನ್ನು ಸಮಾಧಾನ ಮಾಡಲಾಗದು ಎಂಬ ತಿಳಿವಳಿಕೆಯಿಂದಲೇ ಅಲ್ಲವೇ ಅವನ್ನು ನಿಲ್ಲಿಸಿದ್ದು? ಮಳೆಗೆ ಪಂಚಾಯಿತಿವಾರು ಲೆಕ್ಕ, ಇಂಟರ್ನೆಟ್ಟಿಗೆ ರಾಜ್ಯವಾರು ಲೆಕ್ಕ!

ಡಬ್ಬಿ ಕೂಡಿಸುವ ಪ್ರಯೋಗವನ್ನು ಅಮೆರಿಕದವರು ಮಾಡಿದ್ದಾರೆ. ಅಲ್ಲಿರುವ ನಮ್ಮ ಬಂಧುಗಳಲ್ಲಿ ಕೆಲವರಿಗೆ ಇದು ಗೊತ್ತಿದ್ದೀತು. 2010ರಲ್ಲಿ ಅಲ್ಲಿನ ಸಂಪರ್ಕ ಆಯೋಗ, ಸ್ಯಾಮ್‌ನೋಸ್ ಎಂಬ ಬ್ರಿಟಿಷ್ ಸಂಸ್ಥೆಯ ಮೂಲಕ, ಹತ್ತು ಸಾವಿರ ಸ್ವಯಂಸೇವಕರ ಮನೆಗಳಲ್ಲಿ ಅಳತೆಯ ಪೆಟ್ಟಿಗೆ ಇಡುವುದಾಗಿ ಸಾರಿತು. ಮನೆಯವರು ಏನು ನೋಡುತ್ತಾರೆಂಬುದನ್ನು ಅದು ನೋಡುವುದಿಲ್ಲ. ಯಾರೂ ಬಳಸದ ಹೊತ್ತಿನಲ್ಲಿ ವೇಗವನ್ನಷ್ಟೇ ಪರೀಕ್ಷಿಸುತ್ತದೆ. ಸರಕಾರದ ಪೆಟ್ಟಿಗೆ ಮನೆಯೊಳಗೆ ಬಂದು ಗುಟ್ಟು ಕದಿಯುತ್ತದೆ ಎಂಬ ಭಯ ನನ್ನ ಸಂಶಯಕ್ಕೆ ಕಾರಣವಲ್ಲ ಎಂಬುದನ್ನು ಸ್ಪಷ್ಟಪಡಿಸಲು ಇದನ್ನು ಹೇಳಿದೆ. ಮೊದಲ ವರದಿ 2011ರ ಆಗಸ್ಟಿನಲ್ಲಿ ಹೊರಬಂತು. ಒಂದು ಕೇಬಲ್ ಕಂಪನಿ ಬಳಕೆ ಹೆಚ್ಚಿರುವ ಹೊತ್ತಿನಲ್ಲಿ ತಾನು ಜಾಹೀರಾತಿನಲ್ಲಿ ಹೇಳಿದ ವೇಗದ ಹೆಚ್ಚುಕಡಿಮೆ ಅರ್ಧವನ್ನಷ್ಟೇ ಕೊಡುತ್ತಿದೆ ಎಂದು ಹೆಸರು ಸಹಿತ ಬಯಲಾಯಿತು. ಮುಂದಿನ ವರ್ಷದ ವರದಿಯಲ್ಲಿ ಅದೇ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗ ಕೊಡುತ್ತಿತ್ತು. ಹೀಗಾಗಿ ಅಳತೆಯಿಂದ ಪ್ರಯೋಜನವೇ ಇಲ್ಲವೆಂದು ನಾನು ವಾದಿಸಿದರೆ ನನ್ನ ವಿದ್ಯಾರ್ಥಿ ಇದನ್ನೇ ಎತ್ತಿ ತೋರಿಸಬಹುದು. ತೋರಿಸಲಿ, ಒಪ್ಪುತ್ತೇನೆ.

ಆದರೆ ಅಲ್ಲಿ ಕೆಲಸ ಮಾಡಿದ್ದು ಪೆಟ್ಟಿಗೆಯೊಂದೇ ಅಲ್ಲ. ಕಂಪನಿಯ ಹೆಸರು ಹೇಳಿ ಪ್ರಕಟಿಸಿದ್ದು, ಅದನ್ನು ಓದಿದ ಗ್ರಾಹಕನಿಗೆ ಬೇರೆ ಕಂಪನಿಗೆ ಹೋಗುವ ದಾರಿ ಇದ್ದದ್ದು, ಇವೂ ಕೆಲಸ ಮಾಡಿರಬೇಕು. ನಮ್ಮ ಓಣಿಗೆ ಬರುವುದು ಒಂದೇ ತಂತಿ. ಅದು ನಿಧಾನವೆಂದು ಸರಕಾರದ ಪೆಟ್ಟಿಗೆ ಸಾರಿ ಸಾರಿ ಹೇಳಿದರೂ ನಾನು ಹೋಗುವುದೆಲ್ಲಿಗೆ? ತೂಕದ ಕಲ್ಲಿಗೆ ಮುದ್ರೆ ಹಾಕಿಸಿದ ಮಾತ್ರಕ್ಕೆ ಅಂಗಡಿಯಲ್ಲಿ ಇಲ್ಲದ ಬೇಳೆ ಬರುವುದಿಲ್ಲ.

ಅಳೆಯುವ ಕೈಯ ವಿಷಯವನ್ನೂ ಮರೆಯಬಾರದು. ನಮ್ಮ ದೇಶದಲ್ಲಿ ಇಂಟರ್ನೆಟ್ಟನ್ನು ನಿಲ್ಲಿಸುವ ಅಧಿಕಾರವೂ ಸರಕಾರಕ್ಕೇ ಇದೆ. ಗಲಭೆಯ ಕಾಲಕ್ಕೆ ಮಾತ್ರವಲ್ಲ; 2021ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ನಡೆಯಿತೆಂದು ಅನೇಕ ಜಿಲ್ಲೆಗಳಲ್ಲಿ ಮೊಬೈಲ್ ಇಂಟರ್ನೆಟ್ಟನ್ನು ನಿಲ್ಲಿಸಿದರು. ನಕಲು ತಡೆಯಲಿಕ್ಕಂತೆ. ಪರೀಕ್ಷೆಯ ಕೋಣೆಯಲ್ಲಿ ಮೂರು ದಶಕ ಮೇಲ್ವಿಚಾರಣೆ ಮಾಡಿದ ನಾನು ನಕಲು ಹಿಡಿಯಲು ಊರಿಗೆಲ್ಲ ಕತ್ತಲೆ ಮಾಡಿದವನಲ್ಲ. ಆ ದಿನಗಳು ಯಾವ ಗುಣಮಟ್ಟದ ಪಟ್ಟಿಯಲ್ಲಿ ಸೇರುತ್ತವೆ?

2024ರ ಆಗಸ್ಟಿನಲ್ಲಿ ಟ್ರಾಯ್ ಹಳೆಯ ನಿಯಮಗಳನ್ನೆಲ್ಲ ಒಟ್ಟುಗೂಡಿಸಿ ಹೊಸ ನಿಯಮಾವಳಿ ತಂದಿತು. ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ದಂಡ ಹೆಚ್ಚಿದೆ, ಹತ್ತು ಲಕ್ಷದವರೆಗೂ ಹೋಗುತ್ತದೆ. ಮೊಬೈಲ್ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕು. ಇಪ್ಪತ್ತನಾಲ್ಕು ಗಂಟೆ ಮೀರಿದ ದೊಡ್ಡ ಸ್ಥಗಿತಕ್ಕೆ ಮೊಬೈಲ್ ಗ್ರಾಹಕರಿಗೆ ಪರಿಹಾರ ಕೊಡಬೇಕು. ಇವೆಲ್ಲ ಸ್ವಾಗತಾರ್ಹವೇ. ಆದರೆ ಆ ಕೊನೆಯ ನಿಯಮದಲ್ಲಿ ಎಣಿಕೆಯ ಘಟಕ ಜಿಲ್ಲೆ. ಜಿಲ್ಲೆಗೆ ಜಿಲ್ಲೆಯೇ ಬಿದ್ದರೆ ಸುದ್ದಿ. ಒಂದು ಓಣಿ ಬಿದ್ದರೆ ಅದು ಆ ಓಣಿಯವರ ಹಣೆಬರಹ.

ಹಾಗಾದರೆ ನಿಮಗೇನು ಬೇಕು ಸರ್ ಎಂದು ಅವನು ಕೇಳಿಯೇ ಕೇಳುತ್ತಾನೆ. ಹೆಚ್ಚೇನೂ ಇಲ್ಲ. ದೂರು ಮುಗಿಯಿತೆಂದು ಹೇಳುವ ಹಕ್ಕು ದೂರು ಕೊಟ್ಟವನದಾಗಿರಲಿ. ನಾನು ಹೂಂ ಎನ್ನುವವರೆಗೆ ಅದು ತೆರೆದೇ ಇರಲಿ, ದಿನ ಎಣಿಸುತ್ತಲೇ ಇರಲಿ. ಒಂದೇ ಮನೆಯಿಂದ ಹತ್ತು ದಿನದಲ್ಲಿ ನಾಲ್ಕು ದೂರು ಬಂದರೆ ಅದನ್ನು ಒಂದು ದೂರೆಂದೇ ಎಣಿಸಲಿ. ಪಂಚಾಯಿತಿವಾರು ಎಷ್ಟು ದಿನ ಸಂಪರ್ಕ ಇರಲಿಲ್ಲ ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಲಿ. ಸುಳ್ಳಿದ್ದರೆ ಅಲ್ಲಿಯೇ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಇದಕ್ಕೆ ಪೆಟ್ಟಿಗೆಯೂ ಬೇಡ, ಉಪಗ್ರಹವೂ ಬೇಡ. ಇಷ್ಟಾದ ಮೇಲೆ ಪೆಟ್ಟಿಗೆ ಕೂಡಿಸುವುದಾದರೆ ನನ್ನ ಮನೆಯಲ್ಲಿಯೇ ಮೊದಲು ಕೂಡಿಸಲಿ, ಚಹಾ ನಾನೇ ಕೊಡುತ್ತೇನೆ.

ಅಲ್ಲಿಯವರೆಗೆ ನನ್ನದೊಂದು ಸ್ವಂತ ವ್ಯವಸ್ಥೆ ನಡೆದಿದೆ. 2023ರ ಆ ಹನ್ನೆರಡನೆಯ ದಿನ ಭಾಲ್ಕಿಯಿಂದ ಶಾಲೆಯ ಹಾಜರಿ ಪುಸ್ತಕವೊಂದನ್ನು ತರಿಸಿದೆ. ಹೆಸರಿನ ಕಾಲಮ್ಮಿನಲ್ಲಿ ಓಣಿಯ ಒಂಬತ್ತು ಮನೆಗಳನ್ನು ಬರೆದಿದ್ದೇನೆ. ಬೆಳಿಗ್ಗೆ ಹಾಲಿನವನು ಹೋದ ಮೇಲೆ ಒಂದು ಸುತ್ತು ನಡೆದು ಯಾರ ಮನೆಯಲ್ಲಿ ಯಾವ ದೀಪ ಹತ್ತಿದೆಯೆಂದು ಕೇಳಿ, ಬಂದರೆ ನೀಲಿ ಶಾಯಿಯಲ್ಲಿ, ಬರದಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತೇನೆ. ಓಣಿಯ ಮಕ್ಕಳು ಮೊದಮೊದಲು ನಗುತ್ತಿದ್ದರು. ಈಗ ನಾನು ಮರೆತರೆ "ಅಜ್ಜಾ, ಇವತ್ತ ನಮ್ಮನಿ ಗೈರು ಬರೀರಿ" ಎಂದು ಅವರೇ ಬಂದು ಹೇಳುತ್ತಾರೆ. ಇದನ್ನು ಬರೆದು ಮುಗಿಸಿದ್ದು ಮಂಗಳವಾರ ರಾತ್ರಿ. ಬುಧವಾರ, ಗುರುವಾರ ಎರಡೂ ದಿನ ಕೆಂಪು.